ಬಾಡಿಗೆ ಮನೆಯಲ್ಲಿದ್ದುಕೊಂಡೇ ಇಎಂಐ ಕಟ್ಟಿ ನೋಡಿ

ಪ್ರಶ್ನೆ: ನನಗೆ 27, ಗಂಡನಿಗೆ 31 ವರ್ಷ. ಮದುವೆಯಾಗಿ ಒಂದೂವರೆ ವರ್ಷವಾಯಿತು. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟಿನಲ್ಲಿದ್ದೇವೆ. ಬಾಡಿಗೆ 16,000, ಮೆಂಟೆನೆನ್ಸ್ 1,800. ಅವರಿಗೆ ಬೈಕಂಪಾಡಿಯ ಕಂಪೆನಿಯಲ್ಲಿ ಕೆಲಸ, ಕೈಗೆ 52,000 ಬರುತ್ತದೆ. ನಾನು ಕಂಕನಾಡಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ, 31,000. ಕಾರ್ಕಳದಲ್ಲಿರುವ ಅತ್ತೆಗೆ ತಿಂಗಳಿಗೆ 8,000 ಕಳಿಸುತ್ತೇವೆ. ಬೈಕ್ ಸಾಲದ ಕಂತು 3,200, ಮ್ಯೂಚುವಲ್ ಫಂಡಿನ ಎಸ್‌ಐಪಿ 6,000, ಮನೆಖರ್ಚು 24,000, ಪೆಟ್ರೋಲ್-ಬಸ್ಸು 6,000. ಲೆಕ್ಕದ ಪ್ರಕಾರ 18,000 ಉಳಿಯಬೇಕು, ಕೈಯಲ್ಲಿ ಉಳಿಯುವುದು ಏಳೆಂಟು ಸಾವಿರ ಮಾತ್ರ. ಎಫ್‌ಡಿ ನಾಲ್ಕೂವರೆ ಲಕ್ಷ, ಒಂದು ಸೊಸೈಟಿಯಲ್ಲಿ ಮೂರು ಲಕ್ಷ ಇಟ್ಟಿದ್ದೇವೆ. ದೀಪಾವಳಿಗೆ ಅವರಿಗೆ ಸುಮಾರು 70,000 ಬೋನಸ್ ಬರುತ್ತದೆ. ಬಾಡಿಗೆ ಕಟ್ಟುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎಂದು ನನ್ನ ಅಪ್ಪ ದಿನಾ ಹೇಳುತ್ತಾರೆ. ಅವರೇ ತೋರಿಸಿದ, ಇನ್ನೂ ಕಟ್ಟುತ್ತಿರುವ ಫ್ಲ್ಯಾಟ್ ಒಂದಕ್ಕೆ 58 ಲಕ್ಷ. ‘ಹತ್ತು ಪರ್ಸೆಂಟ್ ಕೊಡಿ, ಉಳಿದದ್ದು ಬ್ಯಾಂಕ್ ನೋಡಿಕೊಳ್ಳುತ್ತದೆ, ಟ್ಯಾಕ್ಸೂ ಉಳಿಯುತ್ತದೆ’ ಎನ್ನುತ್ತಾನೆ ಏಜೆಂಟ್. ಒಂದು ಲಕ್ಷ ಟೋಕನ್ ಕೇಳಿದ್ದಾನೆ. ತೊಕ್ಕೊಟ್ಟಿನಲ್ಲಿ 10,500ಕ್ಕೆ ಬಾಡಿಗೆ ಮನೆ ಇದೆ, ಅಲ್ಲಿಗೆ ಹೋಗಿ ಹಣ ಉಳಿಸುವುದಾ, ಈಗಲೇ ಬುಕ್ ಮಾಡುವುದಾ? ಮಗುವಿನ ಯೋಚನೆಯೂ ಇದೆ. — ಓದುಗರೊಬ್ಬರು, ಮಂಗಳೂರು

ಉತ್ತರ: ನೀವು ಕೇಳಿದ್ದು ಎರಡು ಪ್ರಶ್ನೆ, ಆದರೆ ಪತ್ರದ ತುಂಬ ಇರುವ ಭಯ ಒಂದೇ. ಕಟ್ಟಿದ ಬಾಡಿಗೆಯೆಲ್ಲ ನಷ್ಟ, ತಡಮಾಡಿದಷ್ಟೂ ಮನೆ ಕೈತಪ್ಪುತ್ತದೆ ಎಂಬ ಭಯ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತಿದ್ದಾಗ ಈ ಭಯದಲ್ಲೇ ಸಹಿ ಹಾಕಿದ ಜೋಡಿಗಳನ್ನು ಬಹಳ ನೋಡಿದ್ದೇನೆ. ಹಾಗಾಗಿ ಮೊದಲು ನಿಮ್ಮ ಅಪ್ಪನ ಮಾತನ್ನೇ ಲೆಕ್ಕಕ್ಕೆ ಇಳಿಸುವ.

58 ಲಕ್ಷದ ಫ್ಲ್ಯಾಟಿಗೆ ಬ್ಯಾಂಕ್ ಹೆಚ್ಚೆಂದರೆ 46.4 ಲಕ್ಷ ಕೊಡುತ್ತದೆ. ಸಾಲದ ಮೊತ್ತ 30 ಲಕ್ಷದವರೆಗೆ ಇದ್ದರೆ ಮನೆಬೆಲೆಯ ಶೇ. 90, 30ರಿಂದ 75 ಲಕ್ಷದ ನಡುವೆ ಇದ್ದರೆ ಶೇ. 80 — ಇದು ರಿಸರ್ವ್ ಬ್ಯಾಂಕ್ ಹಾಕಿದ ಮಿತಿ, ಏಜೆಂಟ್ ಹೇಳಿದರೆ ಬದಲಾಗುವುದಿಲ್ಲ. ಬಡ್ಡಿ ಶೇ. 8.5, ಅವಧಿ 20 ವರ್ಷ ಎಂದು ಹಿಡಿದರೆ ಇಎಂಐ ಸುಮಾರು 40,270 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಯೇ 32,870, ಅಸಲಿಗೆ ಹೋಗುವುದು 7,400. ಬಾಡಿಗೆಯ 16,000 ವಾಪಸ್ ಬರುವುದಿಲ್ಲ, ಸರಿ. ಬಡ್ಡಿಯ 32,870 ಕೂಡ ವಾಪಸ್ ಬರುವುದಿಲ್ಲವಲ್ಲ! ಹುಣಸೆಹಣ್ಣನ್ನು ಹೊಳೆಯಲ್ಲಿ ಕಿವುಚುವುದೇ ಆದರೆ ಸಣ್ಣ ಹಣ್ಣು ಯಾವುದು ಎಂದು ಅಪ್ಪನನ್ನೇ ಕೇಳಿ.

ಹಾಗೆಂದು ಅಪ್ಪ ಹೇಳುವುದು ಪೂರ್ತಿ ತಪ್ಪಲ್ಲ. ಬಾಡಿಗೆ ವರ್ಷಕ್ಕೆ ಶೇ. 5ರಂತೆ ಏರಿದರೆ ನಿಮ್ಮ 16,000 ಹತ್ತು ವರ್ಷದಲ್ಲಿ 26,000 ದಾಟುತ್ತದೆ, ಇಎಂಐ ಹಾಗೆ ಏರುವುದಿಲ್ಲ, ಸಂಬಳ ಹೆಚ್ಚಿದಂತೆ ಅದರ ಭಾರವೂ ಇಳಿಯುತ್ತದೆ. ಬಡ್ಡಿದರ ಅಲುಗಾಡುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ. 4ರಿಂದ 6.5ಕ್ಕೆ ಹೋಯಿತು. 40 ಲಕ್ಷದ ಸಾಲಕ್ಕೆ ಶೇ. 6.5ರಲ್ಲಿ ಇಎಂಐ 29,800 ಇದ್ದರೆ ಶೇ. 9ರಲ್ಲಿ 36,000. ಇವತ್ತು ಬ್ಯಾಂಕಿನಲ್ಲಿ ಶೇ. 8.5ಕ್ಕಿಂತ ಕಡಿಮೆಗೆ ಸಿಕ್ಕರೂ ಲೆಕ್ಕ 8.5ರಲ್ಲೇ ಹಾಕಿ ಎನ್ನುವುದು ಇದಕ್ಕೇ.

ಅಂತೂ ಮನೆ ಕೊಳ್ಳುವುದು ಒಳ್ಳೆಯದೇ. ಈ ಮನೆ, ಈ ಬೆಲೆಗೆ, ಈಗ ಕೊಳ್ಳುವುದು ಒಳ್ಳೆಯದಲ್ಲ.

ಏಕೆಂದರೆ ಹತ್ತು ಪರ್ಸೆಂಟಿನ ಮಾತು ಸುಳ್ಳು. ಶೇ. 20 ಅಂದರೆ 11.6 ಲಕ್ಷ ನಿಮ್ಮದೇ ಕೈಯಿಂದ ಹೋಗಬೇಕು. ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ ಶೇ. 5, ಅದು 2.9 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1ರ ಬದಲು ಶೇ. 2. ಒಟ್ಟು ಶೇ. 7.6, ಅಂದರೆ 4.4 ಲಕ್ಷ. ಈ ನೋಂದಣಿ ಖರ್ಚನ್ನು ಬ್ಯಾಂಕ್ ಸಾಲದ ಲೆಕ್ಕಕ್ಕೆ ಸೇರಿಸುವುದಿಲ್ಲ. ಇಲ್ಲಿಗೇ 18.9 ಲಕ್ಷ ಆಯಿತು. ಅಡುಗೆಮನೆಯ ಕಪಾಟು, ಗ್ರಿಲ್ಲು, ಫ್ಯಾನು, ವಕೀಲರ ಫೀಸು, ಸಾಲದ ಪ್ರೊಸೆಸಿಂಗ್ ಎಲ್ಲ ಸೇರಿದರೆ 22 ಲಕ್ಷದ ಹತ್ತಿರ. ನಿಮ್ಮಲ್ಲಿರುವುದು ಏಳೂವರೆ. ಉಳಿದದ್ದಕ್ಕೆ ಏಜೆಂಟ್ ತೋರಿಸುವ ದಾರಿ ಪರ್ಸನಲ್ ಲೋನ್, ಇಲ್ಲವೇ ಮದುವೆಯ ಚಿನ್ನದ ಮೇಲೆ ಸಾಲ. ಡೌನ್ ಪೇಮೆಂಟಿಗೇ ಸಾಲ ಮಾಡಿದವರ ಮನೆಗೆ ಎರಡು ಇಎಂಐ ಬರುತ್ತದೆ. ಚಿನ್ನವನ್ನು ಮಾರಿಯೇ ಹಾಕುತ್ತೇನೆ ಎಂದರೆ ಅದು ನಿಮ್ಮ ಇಷ್ಟ, ಅಡವಿಟ್ಟು ಮಾತ್ರ ಹಾಕಬೇಡಿ.

ಇನ್ನೊಂದು ವಿಷಯ ಏಜೆಂಟರು ಹೇಳುವುದೇ ಇಲ್ಲ. ಕಟ್ಟಡ ಏಳುತ್ತಿರುವಾಗ ಬ್ಯಾಂಕ್ ಕಂತುಕಂತಾಗಿ ಹಣ ಬಿಡುತ್ತದೆ, ಬಿಟ್ಟ ಹಣಕ್ಕೆ ಬಡ್ಡಿ ಆ ತಿಂಗಳಿಂದಲೇ ಶುರು. ಅರ್ಧ ಸಾಲ ಬಿಡುಗಡೆಯಾದ ಹೊತ್ತಿಗೆ ತಿಂಗಳಿಗೆ 16,400 ರೂಪಾಯಿ ಬಡ್ಡಿ, ಪಕ್ಕದಲ್ಲೇ ನಿಮ್ಮ ಬಾಡಿಗೆ 17,800. ಎರಡೂ ಸೇರಿ 34,000 ದಾಟಿತು, ಮನೆ ಇನ್ನೂ ನಿಮ್ಮದಾಗಿಲ್ಲ. ರೇರಾದಲ್ಲಿ (ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರಕಾರಿ ಪ್ರಾಧಿಕಾರ) ಬರೆಸಿದ ಮುಕ್ತಾಯದ ದಿನಾಂಕ ಮುಂದಕ್ಕೆ ಹೋದರೆ ಈ ದ್ವಂದ್ವ ಖರ್ಚೂ ಮುಂದಕ್ಕೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಟ್ಟಡದ ಹೊರಗಿನ ಕೆಲಸ ಎಷ್ಟು ನಡೆಯುತ್ತದೆ ಎಂದು ನಿಮಗೇ ಗೊತ್ತುಂಟು.

ಟ್ಯಾಕ್ಸ್ ಉಳಿಯುವ ಮಾತು ನಿಮ್ಮ ಮಟ್ಟಿಗೆ ಸೊನ್ನೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ, ನೀವಿಬ್ಬರೂ ಬೇರೆ ಬೇರೆಯಾಗಿ ಅದಕ್ಕಿಂತ ಕೆಳಗಿದ್ದೀರಿ. ಸ್ವಂತ ವಾಸದ ಮನೆಯ ಬಡ್ಡಿಗೆ ಸಿಗುವ 2 ಲಕ್ಷದ ವಿನಾಯಿತಿ ಹಳೆಯ ಪದ್ಧತಿಯದ್ದು. ಕಟ್ಟದ ತೆರಿಗೆಯನ್ನು ಉಳಿಸುವುದು ಹೇಗೆ? ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಹಾಯಧನವೂ ವರ್ಷಕ್ಕೆ 9 ಲಕ್ಷದೊಳಗಿನ ಆದಾಯದ ಕುಟುಂಬಕ್ಕೆ, ನಿಮ್ಮದು ಅದನ್ನು ದಾಟುತ್ತದೆ.

ಈಗ ಬಾಡಿಗೆಗೆ ಬರುವ. ಸಂಬಳದ ಮೂರನೇ ಒಂದು ಪಾಲು ಬಾಡಿಗೆಗೆ ಹೋಗಬಹುದು ಎಂಬ ಮಾತು ಎಲ್ಲೆಲ್ಲೂ ಕೇಳುತ್ತೀರಿ. ಮನೆಗೆಂದು ಹಣ ಕೂಡಿಸುವವರಿಗೆ ಅದು ಬಹಳ ಸಡಿಲವಾದ ಅಳತೆ. ನಾನು ಬಾಡಿಗೆ, ಮೆಂಟೆನೆನ್ಸ್, ಓಡಾಟ ಮೂರನ್ನೂ ಸೇರಿಸಿ ನೋಡುತ್ತೇನೆ, ಅದು ಶೇ. 30ರೊಳಗಿದ್ದರೆ ಆಯಿತು. ನಿಮ್ಮದು 23,800, ಶೇ. 29ಕ್ಕಿಂತ ತುಸು ಕಡಿಮೆ. ಅಂದರೆ ಬಾಡಿಗೆ ನಿಮ್ಮ ಸಮಸ್ಯೆಯೇ ಅಲ್ಲ.

ತೊಕ್ಕೊಟ್ಟಿಗೆ ಹೋದರೆ ಕಾಗದದ ಮೇಲೆ ಆರೇಳು ಸಾವಿರ ಉಳಿಯುತ್ತದೆ. ಆದರೆ ನಿಮ್ಮ ಗಂಡ ದಿನಾ ನೇತ್ರಾವತಿ ಸೇತುವೆ, ಪಂಪ್‌ವೆಲ್, ನಂತೂರು, ಕೂಳೂರು ದಾಟಿ ಬೈಕಂಪಾಡಿ ಮುಟ್ಟಬೇಕು. ಪೆಟ್ರೋಲಿಗೇ ಒಂದೂವರೆ ಸಾವಿರ ಹೆಚ್ಚು, ನಿಮ್ಮ ರಾತ್ರಿ ಡ್ಯೂಟಿ ಇದ್ದರೆ ರಿಕ್ಷಾ ಬೇರೆ. ಕೈಗೆ ಸಿಗುವುದು ನಾಲ್ಕು ಸಾವಿರದ ಆಸುಪಾಸು. ಅದರಲ್ಲೂ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಟೆಂಪೊ, ಹಳೆ ಮನೆಯ ಅಡ್ವಾನ್ಸಿನಿಂದ ಪೇಂಟಿಂಗಿಗೆ ಕಡಿತ ಎಂದು ಮೊದಲ ಅರ್ಧ ವರ್ಷದ ಉಳಿತಾಯ ಹೋಗುತ್ತದೆ. ಬದಲಿಸಲೇಬೇಕು ಎನ್ನಿಸಿದರೆ ಕಾವೂರು, ಕುಂಜತ್ತಬೈಲ್ ಕಡೆ ಲಿಫ್ಟ್ ಇಲ್ಲದ ಹಳೆ ಕಟ್ಟಡವನ್ನೋ, ಮನೆ ಮಾಲೀಕರು ಕೆಳಗಿದ್ದು ಮಹಡಿ ಬಾಡಿಗೆಗೆ ಕೊಟ್ಟದ್ದನ್ನೋ ಹುಡುಕಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ ಹುಡುಕಿದರೆ ಇನ್ನೂ ಒಳ್ಳೆಯದು. ಆಗ ಹೆಚ್ಚಿನವರು ಮನೆ ಬದಲಿಸುವುದಿಲ್ಲ, ಮಾಲೀಕರೂ ಬಾಡಿಗೆಯ ಮಾತಿನಲ್ಲಿ ಸ್ವಲ್ಪ ಬಗ್ಗುತ್ತಾರೆ. ನಾಲ್ಕು ಸಾವಿರಕ್ಕಿಂತ ಕಡಿಮೆ ಉಳಿಯುವುದಾದರೆ ಇದ್ದಲ್ಲೇ ಇರಿ.

ನಿಮ್ಮ ನಿಜವಾದ ಸಮಸ್ಯೆ ಆ ಕಾಣೆಯಾದ ಹತ್ತು ಸಾವಿರ. ಬ್ಯಾಂಕ್ ಸ್ಟೇಟ್‌ಮೆಂಟ್ ಹನ್ನೆರಡು ತಿಂಗಳದ್ದು ತೆಗೆದು ನೋಡಿ, ಅದು ದಿನಸಿಯಲ್ಲೂ ಮೀನಿನಲ್ಲೂ ಸಿಗುವುದಿಲ್ಲ. ಮದುವೆ ಉಡುಗೊರೆ, ಕುಟುಂಬದ ದೈವದ ನೇಮಕ್ಕೆ ವಂತಿಗೆ, ಇನ್ಶೂರೆನ್ಸ್ ಪ್ರೀಮಿಯಂ, ಗಾಡಿ ಸರ್ವಿಸ್, ಒಂದು ಫೋನು, ಊರ ಜಾತ್ರೆಗೆ ನಾಲ್ಕು ಸಲ ಕಾರ್ಕಳ. ತಿಂಗಳ ಪಟ್ಟಿಯಲ್ಲಿ ಇವು ಬರುವುದಿಲ್ಲ, ವರ್ಷಕ್ಕೆ ಲಕ್ಷ ದಾಟುತ್ತವೆ. ವಂತಿಗೆ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಇದಕ್ಕೆಂದೇ ತಿಂಗಳಿಗೆ 6,000ದಂತೆ ಬೇರೆ ಖಾತೆಗೆ ಹಾಕಿ, ವರ್ಷದ ಖರ್ಚು ಎಲ್ಲ ಅಲ್ಲಿಂದಲೇ. ಖಾತೆ ಬರಿದಾದರೆ ಆ ವರ್ಷಕ್ಕೆ ಅಷ್ಟೇ. ಉಳಿಯುವ 12,000ವನ್ನು ಸಂಬಳ ಬಂದ ದಿನವೇ ಆರ್‌ಡಿಗೆ ಎಳೆಯಿರಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದ್ದು ಇದೇ ಜಾಣತನದಲ್ಲಿ: ಹಣ ಖರ್ಚಾಗುವ ಮೊದಲೇ ಏಜೆಂಟ್ ಬಾಗಿಲಿಗೆ ಬಂದು ಒಯ್ಯುತ್ತಿದ್ದ.

ಈ ಆರ್‌ಡಿಯ ಮೊತ್ತವನ್ನು ಮನಸ್ಸಿಗೆ ಬಂದಂತೆ ನಿಗದಿ ಮಾಡಬಾರದು. ನಾಳೆ ಕೊಳ್ಳುವ ಮನೆಯ ಇಎಂಐ, ಅದಕ್ಕೆ ಮೆಂಟೆನೆನ್ಸ್ ಸೇರಿಸಿ, ಇವತ್ತು ಬಾಡಿಗೆಗೆ ಹೋಗುತ್ತಿರುವುದನ್ನು ಕಳೆಯಿರಿ. ಉಳಿದ ಮೊತ್ತವೇ ನಿಮ್ಮ ತಿಂಗಳ ಉಳಿತಾಯ. 58 ಲಕ್ಷದ ಫ್ಲ್ಯಾಟಿಗೆ ಅದು 26,000 ಆಗುತ್ತದೆ, ಎಷ್ಟು ಹಿಂಡಿದರೂ ನಿಮ್ಮಲ್ಲಿ ಅಷ್ಟು ಹೊರಡುವುದಿಲ್ಲ. 45 ಲಕ್ಷದ್ದಕ್ಕೆ ಸಾಲ 36 ಲಕ್ಷ, ಇಎಂಐ 31,240, ಮೆಂಟೆನೆನ್ಸಿಗೆ 3,000; 17,800 ಕಳೆದರೆ 16,500ರ ಹತ್ತಿರ. ಈಗ 12,000, ಬೈಕ್ ಸಾಲ ಮುಗಿದ ಮೇಲೆ 15,200, ಒಂದು ಇನ್‌ಕ್ರಿಮೆಂಟ್ ಸಿಕ್ಕರೆ ಅಲ್ಲಿಗೆ ಮುಟ್ಟುತ್ತೀರಿ. ಹನ್ನೆರಡು ತಿಂಗಳು ಮುಟ್ಟದೆ ಹಾಕಿದಿರಿ ಎಂದಾದರೆ ಆ ಮನೆ ನಿಮ್ಮ ಕೈಗೆ ಎಟಕುತ್ತದೆ. ಆರನೇ ತಿಂಗಳಲ್ಲಿ ಆರ್‌ಡಿ ಮುರಿದರೆ ಬ್ಯಾಂಕ್ ಸಾಲ ಕೊಟ್ಟರೂ ಎಟಕುವುದಿಲ್ಲ. ಬ್ಯಾಂಕ್ ನೋಡುವುದು ಸಂಬಳದ ಚೀಟಿ, ಕಾರ್ಕಳಕ್ಕೆ ಹೋಗುವ 8,000 ಅದರ ಕಣ್ಣಿಗೆ ಬೀಳುವುದಿಲ್ಲ.

45 ಲಕ್ಷ ಎಂದು ಸುಮ್ಮನೆ ಹೇಳಲಿಲ್ಲ. ಜಿಎಸ್‌ಟಿ ಲೆಕ್ಕದಲ್ಲಿ 45 ಲಕ್ಷದವರೆಗಿನ, ಮೆಟ್ರೊ ಅಲ್ಲದ ಊರಿನಲ್ಲಿ 90 ಚದರ ಮೀಟರ್ ಕಾರ್ಪೆಟ್ ವಿಸ್ತೀರ್ಣದೊಳಗಿನ (ಮನೆಯೊಳಗೆ ಬಳಸಲು ಸಿಗುವ ಜಾಗ) ಮನೆಗೆ ತೆರಿಗೆ ಶೇ. 1 ಮಾತ್ರ. 90 ಚದರ ಮೀಟರ್ ಅಂದರೆ 968 ಚದರ ಅಡಿ, ಎರಡು ಬೆಡ್‌ರೂಮಿಗೆ ಧಾರಾಳ. ಮೊದಲ ಸಲ ನೋಂದಣಿಯಾಗುವ ಫ್ಲ್ಯಾಟಿಗೆ 45 ಲಕ್ಷದವರೆಗೆ ಮುದ್ರಾಂಕ ಶುಲ್ಕವೂ ಶೇ. 5ರ ಬದಲು ಶೇ. 3. ಎರಡೂ ಸಿಕ್ಕಿದರೆ ಶೇ. 20 ಡೌನ್ ಪೇಮೆಂಟ್ ಸೇರಿ ಕೈಯಿಂದ ಹೋಗುವುದು 12 ಲಕ್ಷದೊಳಗೆ, 58 ಲಕ್ಷದ್ದಕ್ಕೆ ಸುಮಾರು 19. ಬೆಲೆಯಲ್ಲಿ 13 ಲಕ್ಷದ ವ್ಯತ್ಯಾಸ, ಕೈಯಿಂದ ಹಾಕುವುದರಲ್ಲೇ 7 ಲಕ್ಷದ ವ್ಯತ್ಯಾಸ! ಒಂದು ಎಚ್ಚರ ಬೇಕು. ಪಾರ್ಕಿಂಗ್, ಕ್ಲಬ್‌ಹೌಸ್ ಎಂದು ಬಿಲ್ಡರ್ ಆಮೇಲೆ ಸೇರಿಸುವುದೂ ಜಿಎಸ್‌ಟಿಯ 45 ಲಕ್ಷದೊಳಗೇ ಲೆಕ್ಕ. 44 ಲಕ್ಷದ ಫ್ಲ್ಯಾಟಿಗೆ ಎರಡು ಲಕ್ಷದ ಪಾರ್ಕಿಂಗ್ ಅಂಟಿಸಿದರೆ ಪೂರ್ತಿ ಮೊತ್ತಕ್ಕೆ ಶೇ. 5. ಈ ದರಗಳು ಬದಲಾಗುತ್ತಿರುತ್ತವೆ, ಕೊಳ್ಳುವ ತಿಂಗಳಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮತ್ತೊಮ್ಮೆ ಕೇಳಿಕೊಳ್ಳಿ.

ನನ್ನನ್ನು ಕೇಳಿದರೆ ನಿಮಗೆ ಹೆಚ್ಚು ಹೊಂದುವುದು 40 ಲಕ್ಷದ ಆಸುಪಾಸಿನ, ಎಂಟು-ಹತ್ತು ವರ್ಷ ಹಳೆಯ ಫ್ಲ್ಯಾಟ್. ಜಿಎಸ್‌ಟಿ ಇಲ್ಲ, ಬಾಡಿಗೆ ಮತ್ತು ಬಡ್ಡಿ ಒಟ್ಟಿಗೆ ಕಟ್ಟುವ ಕಾಲ ಇಲ್ಲ, ಕಟ್ಟಡದ ಗುಣ ಕಣ್ಣೆದುರಿಗೇ ಇರುತ್ತದೆ. ಡೌನ್ ಪೇಮೆಂಟ್ 8 ಲಕ್ಷ, ನೋಂದಣಿಗೆ 3 ಲಕ್ಷ, ರಿಪೇರಿ-ಫೀಸಿಗೆ ಎರಡೂವರೆ, ಒಟ್ಟು ಹದಿಮೂರೂವರೆ ಲಕ್ಷ. ನಿಮ್ಮ ಏಳೂವರೆಯಲ್ಲಿ ಮೂರು ಲಕ್ಷ ಆಪತ್ತಿಗೆಂದು ಎತ್ತಿಟ್ಟರೆ ಇನ್ನೂ 9 ಲಕ್ಷ ಬೇಕು. ಆರ್‌ಡಿ, ಬೋನಸ್, ಎಫ್‌ಡಿಯ ಬಡ್ಡಿ ಸೇರಿ ಮೂರು ವರ್ಷದಲ್ಲಿ ಆಗುತ್ತದೆ. ಅಷ್ಟರಲ್ಲಿ ಬೆಲೆ ಏರುವುದಿಲ್ಲವೇ? ಏರಬಹುದು, ಸಂಬಳವೂ ಏರುತ್ತದೆ. ಬೆಲೆ ತುಂಬ ಓಡಿದರೆ ಕದ್ರಿ, ಬಿಜೈ ಬಿಟ್ಟು ಕುಳಾಯಿ, ಸುರತ್ಕಲ್, ವಾಮಂಜೂರು ಕಡೆ ನೋಡಬೇಕಾದೀತು. ನಿಮ್ಮ ಗಂಡನಿಗೆ ಕುಳಾಯಿ ಇನ್ನೂ ಹತ್ತಿರವೇ.

ಹಳೆ ಫ್ಲ್ಯಾಟನ್ನು ಜುಲೈಯಲ್ಲಿ, ಮಳೆ ಹೊಡೆಯುತ್ತಿರುವಾಗಲೇ ನೋಡಿ. ಪಡುವಣ ಗೋಡೆಯ ತೇವ, ಮೇಲಿನ ಮನೆಯ ಬಚ್ಚಲಿನಿಂದ ಇಳಿಯುವ ನೀರು, ತುಕ್ಕು ಹಿಡಿದು ಉಬ್ಬಿದ ಸರಳು ಡಿಸೆಂಬರಿನಲ್ಲಿ ಹೊಸ ಬಣ್ಣದ ಹಿಂದೆ ಅಡಗಿರುತ್ತವೆ. ಬೇಸಗೆಯಲ್ಲಿ ನೀರು ಹೇಗೆ ಎಂದು ವಾಚ್‌ಮನ್‌ನನ್ನು ಕೇಳಿ, ಮಾಲೀಕರನ್ನಲ್ಲ. ತುಂಬೆ ಅಣೆಕಟ್ಟಿನ ನೀರು ಇಳಿದು 2019ರಲ್ಲಿ ಪಾಲಿಕೆ ಸರದಿ ಪ್ರಕಾರ ನೀರು ಬಿಟ್ಟಾಗ, ಸ್ವಂತ ಬಾವಿ ಇದ್ದ ಕಟ್ಟಡಕ್ಕೂ ಟ್ಯಾಂಕರ್ ನಂಬಿದ ಕಟ್ಟಡಕ್ಕೂ ಇದ್ದ ವ್ಯತ್ಯಾಸ ಮೆಂಟೆನೆನ್ಸ್ ಬಿಲ್ಲಿನಲ್ಲೇ ಕಂಡಿತು. ಕಾಗದದಲ್ಲಿ ಡೋರ್ ನಂಬರ್, ಇ-ಖಾತಾ, ಇಸಿ (ಋಣಭಾರ ಪ್ರಮಾಣಪತ್ರ) ಇರಬೇಕು. ಮಂಗಳೂರಿನ ಹಳೆಯ ಭಾಗಗಳಲ್ಲಿ ಜಾಗ ಮೂಲಗೇಣಿಯದ್ದಾಗಿರಬಹುದು (ಶಾಶ್ವತ ಗೇಣಿಗೆ ಪಡೆದದ್ದು, ಒಡೆತನ ಬೇರೆಯವರದ್ದು), ಬ್ಯಾಂಕಿನ ವಕೀಲರು ಅದನ್ನು ಹಿಡಿದರೆ ಸಾಲ ತಿಂಗಳುಗಟ್ಟಲೆ ನಿಲ್ಲುತ್ತದೆ, ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ವಿಚಾರಿಸಿ. ಒಂದಿಷ್ಟು ಕ್ಯಾಶಿನಲ್ಲಿ ಕೊಡಿ, ಪತ್ರದಲ್ಲಿ ಕಡಿಮೆ ಬರೆಸುವ ಎನ್ನುವ ಮಾರಾಟಗಾರರೂ ಸಿಗುತ್ತಾರೆ. ಬ್ಯಾಂಕ್ ಸಾಲ ಕೊಡುವುದು ಪತ್ರದ ಮೊತ್ತಕ್ಕೆ, ಆ ಕ್ಯಾಶ್ ಪೂರ್ತಿ ನಿಮ್ಮ ಉಳಿತಾಯದಿಂದ ಹೋಗುತ್ತದೆ. ಕಾನೂನಿನ ತೊಡಕು ಬೇರೆ.

ಸೊಸೈಟಿಯ ಮೂರು ಲಕ್ಷದ ಬಗ್ಗೆ ಒಂದು ಮಾತು. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, 5 ಲಕ್ಷದವರೆಗೆ ಠೇವಣಿ ವಿಮಾ ನಿಗಮದ (ಡಿಐಸಿಜಿಸಿ) ವಿಮೆ ಇದೆ. ಬ್ಯಾಂಕ್ ಲೈಸೆನ್ಸ್ ಇಲ್ಲದ ಕ್ರೆಡಿಟ್ ಸೊಸೈಟಿಗೆ ಅದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಚೆನ್ನಾಗಿ ನಡೆಯುವ ಸೊಸೈಟಿಗಳು ಬೇಕಾದಷ್ಟಿವೆ, ಅದು ಬೇರೆ ವಿಷಯ. ಮನೆಯ ಹಣ ಒಂದು ಶೇಕಡಾ ಹೆಚ್ಚಿನ ಬಡ್ಡಿಗಾಗಿ ವಿಮೆಯಿಲ್ಲದ ಜಾಗದಲ್ಲಿ ಕೂರುವುದು ಬೇಡ, ಅವಧಿ ಮುಗಿದ ದಿನ ಬ್ಯಾಂಕಿಗೆ ತನ್ನಿ. ಎಸ್‌ಐಪಿ ಮುಂದುವರಿಯಲಿ, ಆದರೆ ಡೌನ್ ಪೇಮೆಂಟಿನ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ. ನೋಂದಣಿಯ ತಿಂಗಳಲ್ಲೇ ಮಾರುಕಟ್ಟೆ ಬಿದ್ದರೆ ಕಾಯಲು ಆಗುವುದಿಲ್ಲ.

ಮಗುವಿನ ವಿಷಯ ಎಲ್ಲಕ್ಕಿಂತ ದೊಡ್ಡದು, ಪತ್ರದ ಕೊನೆಯ ಸಾಲಿನಲ್ಲಿ ಇಟ್ಟಿದ್ದೀರಿ. ಹೆರಿಗೆ ರಜೆಗೆ ಕಾನೂನಿನಲ್ಲಿ 26 ವಾರದ ಸಂಬಳವಿದೆ, ಅದರ ನಂತರ ಮಗುವನ್ನು ನೋಡುವವರು ಯಾರು? ನೀವು ಒಂದು ವರ್ಷ ಕೆಲಸ ಬಿಟ್ಟರೆ 52,000ದಲ್ಲಿ 31,000 ಇಎಂಐ ಕಟ್ಟಿ, ಅತ್ತೆಗೆ ಕಳಿಸಿ, ಮನೆ ನಡೆಸಲು ಆಗುವುದಿಲ್ಲ. ಬಾಡಿಗೆಯಲ್ಲಾದರೆ ಆ ಒಂದು ವರ್ಷ ಚಿಕ್ಕ ಮನೆಗೆ ಹೋಗಬಹುದು, ಸಾಲದಲ್ಲಿ ಹಾಗೆ ಇಳಿಯಲು ಬರುವುದಿಲ್ಲ. ಮಗು ಮೊದಲು, ಮನೆ ಆಮೇಲೆ ಎಂದಾದರೆ ಮೂರು ವರ್ಷದ ಯೋಜನೆ ನಾಲ್ಕಕ್ಕೆ ಹೋಗಬಹುದು, ಹೋಗಲಿ. ಮನೆ ಮೊದಲು ಎಂದಾದರೆ ಆ ಮೂರು ಲಕ್ಷದ ಆಪತ್ಧನವನ್ನು ಗೃಹಪ್ರವೇಶದ ಊಟಕ್ಕೋ ಸೋಫಾಕ್ಕೋ ಮುಟ್ಟಬೇಡಿ. ಅದು ನಿಮ್ಮ ಸಂಬಳ ನಿಂತ ತಿಂಗಳುಗಳ ಇಎಂಐ.

ಇನ್ನು ಟೋಕನ್. ಈ ವಾರ ಕೊಡಬೇಡಿ. ಅಪ್ಪ ಈಗಾಗಲೇ ಮಾತು ಕೊಟ್ಟಿದ್ದರೆ ಏಜೆಂಟಿನ ಹತ್ತಿರ ಆ ಯೋಜನೆಯ ರೇರಾ ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ಮುಕ್ತಾಯದ ದಿನಾಂಕವನ್ನೂ ಕಾರ್ಪೆಟ್ ವಿಸ್ತೀರ್ಣವನ್ನೂ ನೀವೇ ನೋಡಿ. ನೋಂದಾಯಿತ ಮಾರಾಟ ಕರಾರು ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂದು ರೇರಾ ಕಾಯ್ದೆಯೇ ಹೇಳುತ್ತದೆ. ಏಜೆಂಟ್ ಹೇಳಿದ ‘ಹತ್ತು ಪರ್ಸೆಂಟ್’ ಬಹುಶಃ ಅಲ್ಲಿಂದ ಬಂದದ್ದು. ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಟೋಕನ್ ಪೂರ್ತಿ ವಾಪಸ್ ಎಂದು ಬಿಲ್ಡರ್ ಲೆಟರ್‌ಹೆಡ್‌ನಲ್ಲಿ ಬರೆದುಕೊಡಲು ಹೇಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಪ್ಪನಿಗೂ ನೀವು ಬೇರೇನೂ ವಿವರಿಸಬೇಕಾಗುವುದಿಲ್ಲ.